ಹಳೆಯ ಜೀಪಿನ ‘ಬ್ರೇಕ್ ಆಯಿಲ್’: ಎಣ್ಣೆಯಲ್ಲದ ಎಣ್ಣೆ



ಮಲೆನಾಡಿನ ತೋಟದ ಮನೆಗಳಲ್ಲಿ ಹಳೆಯ ಜೀಪು ಮನೆಯವರಲ್ಲಿ ಒಬ್ಬನಂತೆ. ಕಾಫಿಯ ಮೂಟೆ ಹೊರುವುದು ಅದೇ, ಗೊಬ್ಬರ ತರುವುದು ಅದೇ. ಮಧ್ಯರಾತ್ರಿಯಲ್ಲಿ ಗರ್ಭಿಣಿಯನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಅದೇ. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭವಾದಂದಿನಿಂದ ಮಹೀಂದ್ರ ಜೀಪುಗಳೂ, 1985ರಲ್ಲಿ ಬಂದ ಮಾರುತಿ ಜಿಪ್ಸಿಯೂ ನಮ್ಮ ಘಟ್ಟದ ಊರುಗಳಲ್ಲಿ ಮನೆಮಾತಾಗಿವೆ. ಅವುಗಳಲ್ಲಿ ಎಷ್ಟೋ ವಾಹನಗಳು ಇಂದಿಗೂ ದುಡಿಯುತ್ತಿವೆ. ಎಂಜಿನ್ ಆಯಿಲ್ ಬದಲಿಸುವ ದಿನ ಯಜಮಾನರಿಗೆ ನೆನಪಿರುತ್ತದೆ. ಟೈರು ಸವೆದರೆ ಮಕ್ಕಳೂ ಗಮನಿಸುತ್ತಾರೆ. ಆದರೆ ಬ್ರೇಕ್ ಕೊಳವೆಗಳಲ್ಲಿ ಕಣ್ಣಿಗೆ ಕಾಣದಂತಿರುವ ಅರ್ಧ ಲೀಟರಿನಷ್ಟು ದ್ರವವನ್ನು ವಿಚಾರಿಸುವವರು ಬಹಳ ವಿರಳ. ಈ ತಿಂಗಳ ಅಂಕಣವನ್ನು ಆ ದ್ರವಕ್ಕೇ ಮೀಸಲಿಡಬೇಕೆನಿಸಿದೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗ.

ಕೆಲವು ವರ್ಷಗಳ ಹಿಂದೆ ಕಾರ್ತಿಕ ಮಾಸದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವ ನೋಡಬೇಕೆಂದು ನನ್ನ ತಾಯಿಯವರು ಆಸೆಪಟ್ಟರು. ಮನೆಮಂದಿಯೆಲ್ಲ ಜೀಪಿನಲ್ಲಿ ಹೊರಟೆವು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯತೊಡಗಿದೆವು. ಮಗ ಚಾಲಕನ ಸ್ಥಾನದಲ್ಲಿದ್ದ. ಎದುರಿನ ಲಾರಿಯ ಹಿಂದೆ ಮೇಲಿನ ಗೇರಿನಲ್ಲಿಯೇ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಸುತ್ತಿದ್ದ. ಕೆಲವು ತಿರುವುಗಳು ಕಳೆದ ಮೇಲೆ ಅವನ ಮುಖ ಬಿಳಿಚಿಕೊಂಡಿತು. “ಅಪ್ಪಾಜಿ, ಪೆಡಲು ಕೆಳಗೆ ಹೋಗ್ತಾ ಇದೆ” ಎಂದ. ದೈವಕೃಪೆಯಿಂದ ಮುಂದಿನ ತಿರುವು ದೂರವಿತ್ತು. ಗೇರು ಇಳಿಸಿ, ಪೆಡಲನ್ನು ಮತ್ತೆ ಮತ್ತೆ ತುಳಿದು, ಕೈಬ್ರೇಕನ್ನು ಮೆಲ್ಲನೆ ಎಳೆದು, ದರೆಯ ಬದಿಗೆ ಒತ್ತರಿಸಿ ಅವನು ವಾಹನವನ್ನು ಹೇಗೋ ನಿಲ್ಲಿಸಿದ. ಅರ್ಧ ಗಂಟೆ ಕುಳಿತೆವು. ಆಮೇಲೆ ಅವನು ಪೆಡಲನ್ನು ತುಳಿದು ನೋಡಿದಾಗ ಬ್ರೇಕು ಮೊದಲಿನಂತೆಯೇ ಗಟ್ಟಿಯಾಗಿತ್ತು! “ಸರಿಹೋಯ್ತು, ಹತ್ತಿ” ಎಂದು ನಾನೇ ಅವಸರಿಸಿದೆ. ಆದರೆ ನನ್ನ ತಾಯಿ ಕುಳಿತಲ್ಲಿಂದ ಏಳಲಿಲ್ಲ. “ಯಾಕೆ ಕೆಟ್ಟಿತು ಅಂತ ಗೊತ್ತಿಲ್ಲ, ಯಾಕೆ ಸರಿಹೋಯ್ತು ಅಂತಲೂ ಗೊತ್ತಿಲ್ಲ. ಅದು ತಿಳೀದೆ ನಾನು ಈ ಗಾಡಿ ಹತ್ತೋದಿಲ್ಲ ಕಣಪ್ಪ” ಎಂದುಬಿಟ್ಟರು.

ಅಕ್ಷರ ಹೆಚ್ಚು ಕಲಿಯದ ಆ ತಾಯಿಯ ಮಾತು ನನ್ನ ವಿದ್ಯೆಯನ್ನು ನಾಚಿಸಿತು. ಅವರನ್ನೂ ಮಕ್ಕಳನ್ನೂ ಬಸ್ಸಿನಲ್ಲಿ ಮುಂದೆ ಕಳುಹಿಸಿ, ನಾವಿಬ್ಬರು ಏರುದಾರಿಯಲ್ಲಿ ನಿಧಾನವಾಗಿ ಹಿಂದಿರುಗಿ, ಪರಿಚಯದ ಹಿರಿಯ ಮೆಕ್ಯಾನಿಕರೊಬ್ಬರಿಗೆ ಜೀಪು ತೋರಿಸಿದೆವು. ಅವರು ಮುಚ್ಚಳ ತೆರೆದು ನೋಡಿ ಒಂದೇ ಮಾತು ಹೇಳಿದರು: “ಬ್ರೇಕು ಫೇಲಾಗಿಲ್ಲ ಸ್ವಾಮಿ, ಕುದಿದಿದೆ. ಇದನ್ನು ಬದಲಿಸಿ ಎಷ್ಟು ವರ್ಷ ಆಯ್ತು?” ನನ್ನಲ್ಲಿ ಉತ್ತರವಿರಲಿಲ್ಲ. ಕಡಿಮೆಯಾದಾಗ ಮೇಲೆ ಸುರಿದದ್ದು ಉಂಟು. ಪೂರ್ತಿ ಬದಲಿಸಿದ್ದು ಜ್ಞಾಪಕವೇ ಇಲ್ಲ. ಜೀಪು ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಓಡದ ವಾಹನದಲ್ಲಿ ಕೆಡುವುದೇನಿದೆ ಎಂಬುದು ನನ್ನ ಎಣಿಕೆಯಾಗಿತ್ತು. ತಪ್ಪು ಇದ್ದುದು ಆ ಎಣಿಕೆಯಲ್ಲಿಯೇ.

ದ್ರವದ ಕೆಲಸವೇನು?

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ತತ್ತ್ವವನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್ ನಿರೂಪಿಸಿದನು. ನಮ್ಮ ಬ್ರೇಕು ನಿಂತಿರುವುದು ಈ ತತ್ತ್ವದ ಮೇಲೆ. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದ್ರವವನ್ನು ಒತ್ತುತ್ತದೆ. ಆ ಒತ್ತಡ ಕೊಳವೆಗಳ ಮೂಲಕ ಪ್ರತಿ ಚಕ್ರದಲ್ಲಿರುವ ವೀಲ್ ಸಿಲಿಂಡರನ್ನು ತಲುಪಿ, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತಿ ಹಿಡಿಯುತ್ತದೆ. ದ್ರವವನ್ನು ಹಿಂಡಿ ಕುಗ್ಗಿಸಲಾಗದು ಎಂಬುದೇ ಇಲ್ಲಿಯ ಗುಟ್ಟು. ಅದೇ ಕೊಳವೆಯಲ್ಲಿ ಗಾಳಿಯೋ ಆವಿಯೋ ಸೇರಿದರೆ, ನಾವು ತುಳಿದ ಬಲವೆಲ್ಲ ಆ ಗುಳ್ಳೆಗಳನ್ನು ಕುಗ್ಗಿಸುವುದರಲ್ಲಿಯೇ ಮುಗಿದುಹೋಗುತ್ತದೆ. ಚಕ್ರಕ್ಕೆ ತಲುಪುವುದು ಏನೂ ಇಲ್ಲ.

ಆವಿ ಬರುವುದೆಲ್ಲಿಂದ? ಒಂದೂವರೆ ಟನ್ ತೂಕದ ಜೀಪು 500 ಮೀಟರ್ ಎತ್ತರದಿಂದ ಇಳಿಯಿತೆಂದುಕೊಳ್ಳಿ. ಆ ಇಳಿತದ ಶಕ್ತಿಯನ್ನೆಲ್ಲ ಬ್ರೇಕೇ ತಡೆದರೆ ಹುಟ್ಟುವ ಶಾಖವು, ಸ್ನಾನದ ಹಂಡೆಯಲ್ಲಿನ 20 ಲೀಟರಿಗೂ ಮಿಕ್ಕಿದ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಅಷ್ಟು ಶಾಖ ನಾಲ್ಕು ಡ್ರಮ್ಮುಗಳಲ್ಲಿ ಸೇರಿ, ಅಲ್ಲಿಂದ ಪಕ್ಕದ ವೀಲ್ ಸಿಲಿಂಡರಿಗೂ ಇಳಿಯುತ್ತದೆ. ಹೊಸ ದ್ರವ ಇದನ್ನು ತಾಳಿಕೊಳ್ಳುತ್ತದೆ. ಹಳೆಯದು ಕುದಿಯುತ್ತದೆ. ಆಮೇಲೆ ತಣಿದಾಗ ಆವಿ ಮತ್ತೆ ದ್ರವವಾಗಿ, ಏನೂ ಆಗಲಿಲ್ಲವೇನೋ ಎಂಬಂತೆ ಪೆಡಲು ಗಟ್ಟಿಯಾಗುತ್ತದೆ. ಮುಂದಿನ ಇಳಿಜಾರಿಗೆ ಮತ್ತೆ ಅದೇ ಗತಿ.

ನೀರು ಕುಡಿಯುವ ದ್ರವ

ನಾವೆಲ್ಲ ಇದನ್ನು ಬ್ರೇಕ್ ಆಯಿಲ್ ಎಂದು ಕರೆಯುತ್ತೇವೆ. ಈ ಹೆಸರಿಗೂ ಒಂದು ಇತಿಹಾಸವಿದೆ. ಹೈಡ್ರಾಲಿಕ್ ಬ್ರೇಕಿನ ಆರಂಭದ ಕಾಲದಲ್ಲಿ ಹರಳೆಣ್ಣೆಗೆ ಆಲ್ಕೊಹಾಲ್ ಬೆರೆಸಿ ಬಳಸುತ್ತಿದ್ದರು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಬ್ರೇಕ್ ದ್ರವದಲ್ಲಿ ಎಣ್ಣೆಯ ಅಂಶವಿಲ್ಲ; ಅದು ಗ್ಲೈಕಾಲ್ ಈಥರ್ ಎಂಬ ರಾಸಾಯನಿಕಗಳಿಂದಾದುದು. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ. ಗ್ಲೈಕಾಲ್ ಈಥರ್ ಮಾತ್ರ ಗಾಳಿಯಲ್ಲಿನ ತೇವವನ್ನು ತಾನಾಗಿಯೇ ಹೀರಿಕೊಳ್ಳುತ್ತದೆ. ಮುಚ್ಚಳದ ಸಣ್ಣ ಗಾಳಿರಂಧ್ರದಿಂದಲೂ, ರಬ್ಬರ್ ಹೋಸುಗಳ ಮೈಯಿಂದಲೂ ತೇವ ಒಳಸೇರುತ್ತಲೇ ಇರುತ್ತದೆ. ವಾಹನ ಓಡಿದರೂ ಸೇರುತ್ತದೆ, ಷೆಡ್ಡಿನಲ್ಲಿ ನಿಂತರೂ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಸೀಮೆಯಲ್ಲಿ ಹೇಳತಕ್ಕದ್ದೇನು? ಆದುದರಿಂದ ಈ ದ್ರವದ ಆಯುಷ್ಯವನ್ನು ಕಿಲೋಮೀಟರಿನಿಂದ ಅಳೆಯಬಾರದು, ಪಂಚಾಂಗದಿಂದ ಅಳೆಯಬೇಕು.

ಹೀರಿದ ನೀರು ಎರಡು ಬಗೆಯ ಹಾನಿ ಮಾಡುತ್ತದೆ. ಮೊದಲನೆಯದು, ಕುದಿಯುವ ಉಷ್ಣತೆಯನ್ನು ಇಳಿಸುತ್ತದೆ. ಎರಡನೆಯದು, ಬೀಡು ಕಬ್ಬಿಣದ ಸಿಲಿಂಡರುಗಳ ಒಳಮೈಗೆ ತುಕ್ಕು ಹಿಡಿಸುತ್ತದೆ. ತುಕ್ಕಿನಿಂದ ಒರಟಾದ ಮೈಯ ಮೇಲೆ ರಬ್ಬರ್ ಕಪ್ಪುಗಳು ಓಡಾಡಿ ಹರಿಯುತ್ತವೆ. ದ್ರವ ಸೋರಿ ಲೈನರುಗಳನ್ನು ನೆನೆಸುತ್ತದೆ. ಹಳೆಯ ಮಾದರಿಯ ಜೀಪುಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಮಾರ್ಗವಿರುವುದರಿಂದ, ಒಂದು ಚಕ್ರದಲ್ಲಿ ಸೋರಿದರೆ ನಾಲ್ಕಕ್ಕೂ ಬ್ರೇಕು ಹೋಯಿತೆಂದೇ ಅರ್ಥ.

ಆಯ್ಕೆ ಹೇಗೆ?

ಡಬ್ಬಿಯ ಮೇಲೆ ‘ಡಾಟ್’ ಎಂಬ ಅಕ್ಷರಗಳೂ ಒಂದು ಅಂಕಿಯೂ ಇರುತ್ತವೆ. ಇದು ಅಮೆರಿಕದ ಸಾರಿಗೆ ಇಲಾಖೆಯ ಮಾನಕ. ಈಗ ಜಗತ್ತಿನ ಹಲವೆಡೆ ಬಳಕೆಯಲ್ಲಿದೆ. ಡಾಟ್ 3 ದ್ರವವು ಹೊಸತಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಮಿತಿಗಳು 230 ಮತ್ತು 155 ಡಿಗ್ರಿ. ಈ ಅಂಕಿಗಳನ್ನು ಗಮನವಿಟ್ಟು ನೋಡಿ: ನೀರು ಕುಡಿದ ಡಾಟ್ 4, ಹೊಸ ಡಾಟ್ 3ಕ್ಕಿಂತ 50 ಡಿಗ್ರಿ ಕೆಳಗಿದೆ. ದುಬಾರಿ ದ್ರವ ತಂದು ಮರೆತವನಿಗಿಂತ, ಸಾಧಾರಣ ದ್ರವವನ್ನು ಕಾಲಕಾಲಕ್ಕೆ ಬದಲಿಸಿದವನೇ ಹೆಚ್ಚು ಕ್ಷೇಮ.

ಮುಚ್ಚಳದ ಮೇಲೆ ಅಥವಾ ವಾಹನದ ಕೈಪಿಡಿಯಲ್ಲಿ ಬರೆದಿರುವುದೇ ಮೊದಲ ಪ್ರಮಾಣ. ಡಾಟ್ 3 ಎಂದಿರುವ ಹಳೆಯ ಜೀಪಿಗೆ ಡಾಟ್ 4 ಹಾಕಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಎರಡೂ ಒಂದೇ ಜಾತಿಯವು, ಬೆರೆತರೂ ಕೆಡುವುದಿಲ್ಲ. ಘಾಟಿಯಲ್ಲಿ ಓಡಾಡುವವರು ಪೂರ್ತಿ ಬದಲಿಸುವಾಗ ಡಾಟ್ 4ನ್ನೇ ಹಾಕಿಸುವುದು ಒಳ್ಳೆಯದು. ಆದರೆ ಡಾಟ್ 4 ಬೇಕೆಂದಿರುವ ವಾಹನಕ್ಕೆ ಡಾಟ್ 3 ಸುರಿಯಬಾರದು.

ಡಾಟ್ 5 ಎಂಬುದರ ವಿಷಯದಲ್ಲಿ ಎಚ್ಚರಿಕೆ ಬೇಕು. ಅಂಕಿ ದೊಡ್ಡದಾದ್ದರಿಂದ ಅದು ಇನ್ನೂ ಉತ್ತಮವಿರಬೇಕೆಂದು ತಿಳಿಯುವುದು ಸಹಜ. ಆದರೆ ಅದು ಸಿಲಿಕೋನ್‌ನಿಂದಾದ ಬೇರೆಯೇ ಜಾತಿಯ ದ್ರವ. ಗ್ಲೈಕಾಲ್ ದ್ರವದೊಡನೆ ಬೆರೆಯುವುದಿಲ್ಲ. ಅದು ತೇವ ಹೀರುವುದಿಲ್ಲ, ಬಣ್ಣವನ್ನೂ ಕೆಡಿಸುವುದಿಲ್ಲ; ಬಹುಕಾಲ ನಿಂತೇ ಇರುವ ವಾಹನಗಳಿಗಾಗಿ ಅಮೆರಿಕದ ಸೇನೆ ಅದನ್ನು ಬಳಕೆಗೆ ತಂದದ್ದುಂಟು. ಆದರೆ ಹೇಗೋ ಒಳಹೊಕ್ಕ ನೀರು ಅದರಲ್ಲಿ ಕರಗದೆ ಕೆಳಗಿನ ಸಿಲಿಂಡರುಗಳಲ್ಲಿ ತಂಗಿ, ಅಲ್ಲಿಯೇ ತುಕ್ಕು ಹಿಡಿಸುತ್ತದೆ. ಹಳೆಯ ದ್ರವ ತುಂಬಿರುವ ನಮ್ಮ ಜೀಪುಗಳಿಗೆ ಅದು ಸಲ್ಲದು. ಡಾಟ್ 5.1 ಎಂಬುದಕ್ಕೂ ಡಾಟ್ 5ಕ್ಕೂ ನಂಟಿಲ್ಲ, 5.1 ಗ್ಲೈಕಾಲ್ ಜಾತಿಯದೇ. ಹಳೆಯ ಜೀಪಿಗೆ ಅದರ ಅಗತ್ಯವಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯವಿರುವುದು ‘ಆಯಿಲ್’ ಎಂಬ ಹೆಸರಿನಲ್ಲಿಯೇ. ಹೆಸರು ನಂಬಿ ಎಂಜಿನ್ ಆಯಿಲನ್ನೋ ಪವರ್ ಸ್ಟಿಯರಿಂಗಿನ ಎಣ್ಣೆಯನ್ನೋ ಸುರಿದವರಿದ್ದಾರೆ. ಖನಿಜ ತೈಲ ತಾಗಿದರೆ ಬ್ರೇಕಿನ ರಬ್ಬರ್ ಕಪ್ಪುಗಳು ಊದಿಕೊಳ್ಳುತ್ತವೆ. ಬ್ರೇಕು ಬಿಟ್ಟರೂ ಬಿಡದೆ ಹಿಡಿದುಕೊಂಡು ಕಾಯುತ್ತದೆ, ಕೊನೆಗೆ ಪೂರ್ತಿ ಕೈಕೊಡುತ್ತದೆ. ಒಂದು ಚಮಚದಷ್ಟು ಬಿದ್ದರೂ ಕೊಳವೆಗಳನ್ನು ತೊಳೆಸಿ, ಕಪ್ಪು, ಹೋಸು ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಅಂಗಡಿಗೆ ಆಳನ್ನು ಕಳುಹಿಸುವಾಗ ಬಾಯಿಮಾತಿನಲ್ಲಿ ಹೇಳದೆ, ಚೀಟಿಯಲ್ಲಿ ‘ಡಾಟ್ 4 ಬ್ರೇಕ್ ಫ್ಲೂಯಿಡ್, ಸೀಲು ಒಡೆಯದ ಅರ್ಧ ಲೀಟರ್ ಡಬ್ಬಿ’ ಎಂದು ಬರೆದುಕೊಡಿ. ಡಬ್ಬಿಯ ಮೇಲಿನ ತಯಾರಿಕೆಯ ದಿನಾಂಕವನ್ನು ನೋಡಿ ಕೊಳ್ಳಿ. ಒಮ್ಮೆ ತೆರೆದು ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ. ಅದೂ ಅಷ್ಟರಲ್ಲಿ ನೀರು ಕುಡಿದಿರುತ್ತದೆ.

ಬದಲಿಸುವ ಕ್ರಮ

ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಸಾಮಾನ್ಯ ನಿಯಮ. ಘಾಟಿಯಲ್ಲಿ ನಿತ್ಯ ಓಡಾಡುವವರೂ, ಹಳ್ಳಕೊಳ್ಳ ದಾಟುವವರೂ ವರ್ಷಕ್ಕೊಮ್ಮೆ ಬದಲಿಸಿದರೆ ಲೇಸು. ಹೊಸ ದ್ರವ ತಿಳಿ ಜೇನಿನ ಬಣ್ಣದ್ದು. ನಮ್ಮ ಜೀಪಿನಲ್ಲಿದ್ದದ್ದು ಕಾಫಿಯ ಡಿಕಾಕ್ಷನ್ನಿನಂತಾಗಿತ್ತು. ಕಪ್ಪಾಗಿದ್ದರೆ ಬದಲಿಸಲೇಬೇಕು. ಆದರೆ ತಿಳಿಯಾಗಿದೆಯೆಂದ ಮಾತ್ರಕ್ಕೆ ನೀರಿಲ್ಲವೆಂದು ನಂಬಲಾಗದು, ನೀರಿಗೆ ಬಣ್ಣವಿಲ್ಲ.

ಈ ಕೆಲಸಕ್ಕೆ ಇಬ್ಬರು ಬೇಕು: ಒಬ್ಬರು ಪೆಡಲಿನ ಬಳಿ, ಒಬ್ಬರು ಚಕ್ರದ ಬಳಿ. ಹಳೆಯ ಮಾದರಿಯ ಜೀಪುಗಳಲ್ಲಿ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ಹಲಗೆಯ ಕೆಳಗಿದ್ದು, ಕೆಸರೆಲ್ಲ ಅಲ್ಲಿಯೇ ಕೂರುತ್ತದೆ. ಮುಚ್ಚಳ ತೆರೆಯುವ ಮೊದಲು ಸುತ್ತಲಿನ ಮಣ್ಣನ್ನು ಚೆನ್ನಾಗಿ ಒರೆಸಬೇಕು. ಒಂದು ಕಣ ಮರಳು ಒಳಬಿದ್ದರೂ ಕಪ್ಪು ಹರಿಯುತ್ತದೆ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಕ್ರದ ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಿಡಿ. ಒಳಗಿನವರು ಪೆಡಲನ್ನು ಮೆಲ್ಲನೆ ಒತ್ತಿದಾಗ ಹೊರಗಿನವರು ನಿಪ್ಪಲನ್ನು ಸಡಿಲಿಸಬೇಕು. ನಿಪ್ಪಲು ಬಿಗಿಯಾದ ಮೇಲೆಯೇ ಪೆಡಲನ್ನು ಬಿಡಬೇಕು. ಗುಳ್ಳೆಯಿಲ್ಲದ ಹೊಸ ಬಣ್ಣದ ದ್ರವ ಬರುವವರೆಗೂ ಹೀಗೆಯೇ ಮಾಡಿ. ನಡುನಡುವೆ ಮೇಲಿನ ಪಾತ್ರೆಗೆ ಹೊಸ ದ್ರವ ಸುರಿಯುತ್ತಿರಬೇಕು. ಅದು ಬರಿದಾದರೆ ಗಾಳಿ ಹೊಕ್ಕು, ಮಾಡಿದ ಕೆಲಸವೆಲ್ಲ ಮೊದಲಿನಿಂದ ಆಗಬೇಕಾಗುತ್ತದೆ. ಅರ್ಧ ಲೀಟರಿನ ಎರಡು ಡಬ್ಬಿ ಕೈಯಲ್ಲಿದ್ದರೆ ಕೊರತೆಯಾಗದು.

ಹಳೆಯ ವಾಹನಕ್ಕೆ ಸಂಬಂಧಿಸಿದ ಎರಡು ಸೂಕ್ಷ್ಮಗಳಿವೆ. ಪೆಡಲನ್ನು ಒಮ್ಮೆಗೇ ತಳದವರೆಗೆ ತುಳಿಯಬಾರದು. ನಿತ್ಯ ಓಡಾಡದ ಭಾಗದಲ್ಲಿ ತುಕ್ಕು ಕಟ್ಟಿರುತ್ತದೆ. ಕಪ್ಪು ಅಲ್ಲಿಗೆ ಹೋದರೆ ಹರಿಯುವ ಸಂಭವವಿದೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು. ಹಾಗೆಯೇ ವರ್ಷಗಟ್ಟಲೆ ತಿರುಗಿಸದ ನಿಪ್ಪಲುಗಳು ಹಿಡಿದುಕೊಂಡಿರುತ್ತವೆ. ಬಲವಂತ ಮಾಡಿದರೆ ಮುರಿಯುತ್ತವೆ. ಅಂಥ ಕಡೆ ಅನುಭವಿ ಮೆಕ್ಯಾನಿಕರ ಕೈಯೇ ಬೇಕು. ಸ್ವತಃ ಮಾಡುವ ಧೈರ್ಯವಿಲ್ಲದವರು ಗ್ಯಾರೇಜಿನಲ್ಲಿಯೇ ಮಾಡಿಸಿ, ಆದರೆ ಎದುರಿಗೆ ನಿಂತು ಮಾಡಿಸಿ. ಕೆಲಸ ಮುಗಿದ ಮೇಲೆ ಸಮತಟ್ಟಾದ ಜಾಗದಲ್ಲಿ ಪರೀಕ್ಷಿಸದೆ ರಸ್ತೆಗಿಳಿಯಬಾರದು.

ಪೆಡಲಿನ ಭಾಷೆ

ಕೆಟ್ಟದ್ದು ಯಾವುದೆಂದು ಪೆಡಲೇ ಹೇಳುತ್ತದೆ. ಸದಾ ಸ್ಪಂಜಿನಂತಿದ್ದು, ಎರಡು ಮೂರು ಬಾರಿ ತುಳಿದಾಗ ಗಟ್ಟಿಯಾದರೆ ಕೊಳವೆಯಲ್ಲಿ ಗಾಳಿಯಿದೆ, ಇಲ್ಲವೆ ಶೂಗಳನ್ನು ಹೊಂದಿಸಬೇಕಾಗಿದೆ. ಒತ್ತಿ ಹಿಡಿದಾಗ ಮೆಲ್ಲಮೆಲ್ಲನೆ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಕಪ್ಪು ಸವೆದಿದೆ, ಇಲ್ಲವೆ ಎಲ್ಲೋ ಸೋರುತ್ತಿದೆ. ಪೆಡಲು ಗಟ್ಟಿಯಿದ್ದೂ ವಾಹನ ನಿಲ್ಲದಿದ್ದರೆ ಲೈನರು ಕಾದಿದೆ ಅಥವಾ ನೆನೆದಿದೆ. ಹಳ್ಳ ದಾಟಿದೊಡನೆ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿ ನಿಧಾನವಾಗಿ ಓಡಿಸಿದರೆ ನೆನೆದ ಲೈನರು ಒಣಗುತ್ತದೆ. ಇಳಿಜಾರಿನಲ್ಲಿ ಮಾತ್ರ ಮೆತ್ತಗಾಗಿ, ತಣಿದ ಮೇಲೆ ತಾನೇ ಸರಿಹೋದರೆ ದ್ರವ ಕುದಿದಿದೆ ಎಂದು ಶಂಕಿಸಬೇಕು. ದ್ರವದ ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಮೇಲೆ ಸುರಿಯುತ್ತಾ ಹೋಗುವುದು ಪರಿಹಾರವಲ್ಲ. ಸೋರುವ ಜಾಗವನ್ನು ಹುಡುಕಬೇಕು.

ಇನ್ನು ಚಾಲಕನ ಹೊಣೆ. ಘಾಟಿ ಇಳಿಯುವಾಗ ಯಾವ ಗೇರಿನಲ್ಲಿ ಏರುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕೆಂದು ಹಿಂದಿನ ಚಾಲಕರು ಹೇಳುತ್ತಿದ್ದ ಮಾತು ಇಂದಿಗೂ ಸತ್ಯ. ತೋಟದ ಕಡಿದಾದ ಮಣ್ಣಿನ ದಾರಿಯಲ್ಲಿ ನಾಲ್ಕು ಚಕ್ರದ ಚಾಲನೆಯ ಲೋ ಗೇರನ್ನು ಬಳಸಿದರೆ ಎಂಜಿನ್ನೇ ವಾಹನವನ್ನು ತಡೆದು ನಿಲ್ಲಿಸುತ್ತದೆ. ಒಣ ಡಾಂಬರು ರಸ್ತೆಯಲ್ಲಿ ಹಳೆಯ ಜೀಪುಗಳ ನಾಲ್ಕು ಚಕ್ರದ ಚಾಲನೆಯನ್ನು ಹಾಕಬಾರದು. ಅಲ್ಲಿ ಎರಡನೆಯ ಗೇರೇ ಸಾಕು.

ಮನೆಯ ಹೆಂಗಳೆಯರಿಗೆ ಒಂದು ವಿಶೇಷ ವಿನಂತಿ. ಈ ದ್ರವ ವಿಷ. ಕುಡಿಯುವ ನೀರಿನ ಅಥವಾ ಷರಬತ್ತಿನ ಬಾಟಲಿಗಳಲ್ಲಿ ಇದನ್ನು ತುಂಬಿಡಲು ಯಾರಿಗೂ ಅವಕಾಶ ಕೊಡಬೇಡಿ. ಮಗುವೇನಾದರೂ ಕುಡಿದರೆ ವಾಂತಿ ಮಾಡಿಸಲು ಹೋಗದೆ, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಧಾವಿಸಿ. ಕಣ್ಣಿಗೆ ಸಿಡಿದರೆ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ವಾಹನದ ಬಣ್ಣದ ಮೇಲೆ ಬಿದ್ದರೆ ಬಣ್ಣವೇ ಕಿತ್ತುಬರುತ್ತದೆ. ತಕ್ಷಣ ನೀರು ಹಾಕಿ ತೊಳೆಯಿರಿ. ತೆಗೆದ ಹಳೆಯ ದ್ರವವನ್ನು ತೋಟಕ್ಕೋ ಹಳ್ಳಕ್ಕೋ ಚೆಲ್ಲದೆ, ಮುಚ್ಚಿದ ಡಬ್ಬಿಯಲ್ಲಿಟ್ಟು ಗ್ಯಾರೇಜಿಗೆ ಒಪ್ಪಿಸಿ.

ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಬೆಳೆದಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಆಯುಧಪೂಜೆ ಬರುತ್ತದೆ. ಆ ದಿನ ಜೀಪು ತೊಳೆದು, ವಿಭೂತಿ ಹಚ್ಚಿ, ಹೂವಿನ ಹಾರ ಹಾಕುವುದು ಎಲ್ಲರ ಮನೆಯಲ್ಲೂ ಇರುವುದೇ. ಅದಕ್ಕೆ ಮೊದಲಿನ ಭಾನುವಾರ ಮಗ ಚಕ್ರದ ಬಳಿ ಕೂರುತ್ತಾನೆ, ಸೊಸೆ ಪೆಡಲಿನ ಬಳಿ. “ಒತ್ತು”, “ಹಿಡಿ”, “ಬಿಡು” ಎಂಬ ಮಾತುಗಳು ಅಂಗಳದಲ್ಲಿ ಕೇಳಿಬರುತ್ತವೆ. ಬದಲಿಸಿದ ದಿನಾಂಕವನ್ನು ಬಾನೆಟ್ಟಿನ ಒಳಬದಿಗೆ ಅಂಟಿಸಿದ ಚೀಟಿಯಲ್ಲಿ ಮೊಮ್ಮಗಳು ಬರೆಯುತ್ತಾಳೆ. ಶರಣರು ಕಾಯಕವನ್ನು ಪೂಜೆಗೆ ಸಮನಾಗಿ ಕಂಡವರು. ನಮ್ಮನ್ನು ಹೊತ್ತು ತಿರುಗುವ ಯಂತ್ರದ ಆರೈಕೆಯೂ ಅಂಥ ಕಾಯಕವೇ ಅಲ್ಲವೆ?

ನನ್ನ ತಾಯಿಯವರು ಮುಂದಿನ ವರ್ಷದ ಕಾರ್ತಿಕದಲ್ಲಿ ಅದೇ ಜೀಪಿನಲ್ಲಿ, ಅದೇ ಘಾಟಿಯಲ್ಲಿ ಇಳಿದು ದೀಪೋತ್ಸವ ನೋಡಿ ಬಂದರು. ಹೊರಡುವ ಮುನ್ನ ಅವರು ಕೇಳಿದ್ದು ಒಂದೇ ಪ್ರಶ್ನೆ: “ಚೀಟಿಯಲ್ಲಿ ಈ ವರ್ಷದ ತಾರೀಕು ಬರೆದಿದೆಯೇನಪ್ಪ?” ಬಂಧುಗಳೇ, ಇಂದು ಸಂಜೆ ನಿಮ್ಮ ಮನೆಯ ಜೀಪಿನ ಬಳಿ ಹೋಗಿ ಅದೇ ಪ್ರಶ್ನೆಯನ್ನು ಕೇಳಿಕೊಳ್ಳಿ. ಉತ್ತರ ನೆನಪಿಗೆ ಬಾರದಿದ್ದರೆ, ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಿರಿ.